ಸೇರುವ ಬಾಗಿಲು, ಬಿಡುವ ಬಾಗಿಲು

ಕ್ರೈಸ್ತಧರ್ಮವನ್ನು ಧರ್ಮ ಎನ್ನಬೇಕೋ ಕಲ್ಟ್ ಎನ್ನಬೇಕೋ ಎಂಬ ವಾದ ನಮ್ಮ ತುಮಕೂರು ಸೀಮೆಯಲ್ಲಿ ಆಗಾಗ ತಲೆಯೆತ್ತುತ್ತದೆ. ಯಾವುದೋ ಹಳ್ಳಿಯಲ್ಲಿ ಶೀಟು ಹೊದಿಸಿದ ಮನೆಯೊಂದರಲ್ಲಿ ಭಾನುವಾರದ ಪ್ರಾರ್ಥನೆ ಶುರುವಾದರೆ ಸಾಕು, ಎದುರುಮನೆಯವರಿಗೆ ಅನುಮಾನ ಹುಟ್ಟುತ್ತದೆ. ‘ಅದು ಧರ್ಮವೇ ಅಲ್ಲ, ಜನರನ್ನು ಹಿಡಿದುಹಾಕುವ ಜಾಲ’ ಎನ್ನುವವರಿದ್ದಾರೆ. ಇದನ್ನು ಕೇಳಿದ ಕ್ರೈಸ್ತ ಗೆಳೆಯರು ನೊಂದುಕೊಂಡು, ಇನ್ನೂರು ಕೋಟಿಗೂ ಹೆಚ್ಚು ಜನ ನಂಬುವುದನ್ನು ಹಾಗೆ ಕರೆಯುವುದು ಹೇಗೆ ಎಂದು ಕೇಳುತ್ತಾರೆ. ಮೊದಲಿನ ಮಾತು ಅನ್ಯಾಯದ್ದು. ಎರಡನೆಯದು ಉತ್ತರವಾಗುವುದಿಲ್ಲ, ತಲೆ ಎಣಿಸಿ ಒಂದು ನಂಬಿಕೆಯ ಯೋಗ್ಯತೆ ತೀರ್ಮಾನಿಸುವುದಾದರೆ ಕರ್ನಾಟಕದ ಎಷ್ಟೋ ಸಣ್ಣ ಸಂಪ್ರದಾಯಗಳು ಇಂದೇ ಸೋಲಬೇಕಾಗುತ್ತದೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿದ್ದ ಕ್ರೈಸ್ತರು ಸುಮಾರು 11.4 ಲಕ್ಷ, ಅಂದರೆ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಇಲ್ಲಿ ಅವರೂ ಸಣ್ಣ ಸಮುದಾಯವೇ.

ಈ ಬರಹದಲ್ಲಿ ಕಲ್ಟ್ ಎಂದರೆ ಮುಚ್ಚಿದ ಗುಂಪು. ಅಲ್ಲಿ ಒಬ್ಬ ನಾಯಕನ ಮಾತೇ ಕೊನೆ. ಸೇರಿದವರನ್ನು ಅದು ಮನೆಮಂದಿಯಿಂದ, ನೆಂಟರಿಂದ ಕಡಿದುಹಾಕುತ್ತದೆ, ದುಡಿದದ್ದನ್ನು ಒಪ್ಪಿಸಿಕೊಳ್ಳುತ್ತದೆ, ಬಿಟ್ಟುಹೋಗುತ್ತೇನೆಂದವರಿಗೆ ಕೇಡಿನ ಭಯ ಹಾಕುತ್ತದೆ. ಈ ಅರ್ಥದಲ್ಲಿ ಒಂದು ಇಡೀ ಧರ್ಮವನ್ನು ಕಲ್ಟ್ ಎನ್ನಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಯಾವುದೇ ಧರ್ಮದೊಳಗಿನ ಒಂದು ಸಭೆ, ಒಂದು ಆಶ್ರಮ, ಒಂದು ಪ್ರಾರ್ಥನಾ ಮನೆ ಹಾಗೆ ಆಗಬಲ್ಲದು. ಅದನ್ನು ಗುರುತಿಸಲು ನೋಡಬೇಕಾದದ್ದು ಅಲ್ಲಿಗೆ ಜನ ಹೇಗೆ ಸೇರಿದರು ಎಂಬುದಕ್ಕಿಂತ ಹೆಚ್ಚಾಗಿ, ಬೇಡವೆನಿಸಿದಾಗ ಹೇಗೆ ಹೊರಬರಬಲ್ಲರು ಎಂಬುದನ್ನು. ನಮ್ಮ ರಾಜಕೀಯವೂ ಕಾನೂನೂ ಸೇರುವ ಬಾಗಿಲನ್ನೇ ಕಾಯುತ್ತಿವೆ. ಬಿಡುವ ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ನೋಡುವವರಿಲ್ಲ.

ಈ ಸೀಮೆಗೆ ಹೊಸ ಪಂಥಗಳು ಹೊಸವಲ್ಲ. ಸುಮಾರು 3,900 ಅಡಿ ಎತ್ತರದ ದೇವರಾಯನದುರ್ಗದಲ್ಲಿ ಮೇಲೆ ಯೋಗನರಸಿಂಹ, ಕೆಳಗೆ ಭೋಗನರಸಿಂಹ. ಪಾಳೆಯಗಾರ ಜಡಕನ ಹೆಸರಿನಲ್ಲಿ ಜಡಕನದುರ್ಗವಾಗಿದ್ದ ಬೆಟ್ಟ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗವಾಯಿತು. ಇಲ್ಲಿಂದ ಒಂದು ದಿನದ ಓಡಾಟದೊಳಗೆ ಪಂಡಿತನಹಳ್ಳಿಯ ಬಸ್ತಿಬೆಟ್ಟದ ಜೈನ ಬಸದಿಗಳು, ಕ್ಯಾತ್ಸಂದ್ರದ ಸಿದ್ಧಗಂಗಾ ಮಠ, ಗುಬ್ಬಿಯ ಚನ್ನಬಸವೇಶ್ವರ, ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ, ಶಿರಾದಲ್ಲಿ ಮಲಿಕ್ ರಿಹಾನ್ ದರ್ಗಾ, ತುಮಕೂರು ಪೇಟೆಯ ಚರ್ಚುಗಳು ಎಲ್ಲವನ್ನೂ ನೋಡಿ ಬರಬಹುದು. ಇವುಗಳಲ್ಲಿ ಯಾವುದೂ ಹುಟ್ಟಿದ ದಿನದಿಂದಲೇ ಎಲ್ಲರಿಗೂ ಸಮ್ಮತವಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಗೆ ಸಿಕ್ಕ ಶಿಕ್ಷೆಯ ಕಥೆಯನ್ನು ಶರಣ ಪರಂಪರೆ ಇಂದಿಗೂ ನೋವಿನಿಂದ ನೆನೆಯುತ್ತದೆ. ಶರಣರನ್ನು ಕಂಡು ಬೆದರಿದವರಿಗೆ ಅವರು ಮನೆ ಒಡೆಯುವ, ಕುಲ ಕೆಡಿಸುವ ಗುಂಪಾಗಿಯೇ ಕಂಡಿದ್ದರು.

ಕುಣಿಗಲ್ಲಿನ ಪಕ್ಕದ ಮಾಗಡಿ ಸೀಮೆಯ ಕಲ್ಯದಲ್ಲಿ ಒಂದು ಶಾಸನವಿದೆ. ಶ್ರವಣಬೆಳಗೊಳದಲ್ಲೂ ಇರುವ ಆ ಶಾಸನ 1368ರದು, ವಿಜಯನಗರದ ಬುಕ್ಕರಾಯನದು. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ಜೈನರು ಅರಸನ ಬಳಿ ದೂರು ತಂದಿದ್ದರು. ಬುಕ್ಕ ಯಾರ ದೇವರು ನಿಜ, ಯಾರ ಮತ ಸುಳ್ಳು ಎಂದು ವಿಚಾರಿಸಲಿಲ್ಲ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿ, ಜೈನರ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಗಟ್ಟಿಮಾಡಿದ. ಜೈನರ ಮನೆಮನೆಯಿಂದ ಒಂದೊಂದು ಹಣ ಎತ್ತಿ ಬೆಳಗೊಳದ ಕಾವಲಿಗೂ ಹಾಳುಬಿದ್ದ ಬಸದಿಗಳ ದುರಸ್ತಿಗೂ ಬಳಸಬೇಕೆಂದು ಗೊತ್ತುಮಾಡಿ, ಅದರ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೇ ವಹಿಸಿದ. ಧರ್ಮದ ಜಗಳದಲ್ಲಿ ಆಳುವವರು ಮಾಡಬಹುದಾದ ಕೆಲಸ ಯಾವುದೆಂದು ನನ್ನನ್ನು ಕೇಳಿದರೆ ನಾನು ಈ ಶಾಸನವನ್ನೇ ತೋರಿಸುತ್ತೇನೆ.

ಕ್ರೈಸ್ತಧರ್ಮ ತನ್ನ ಮೊದಲ ಮೂರು ಶತಮಾನಗಳಲ್ಲಿ ಈಗ ತನ್ನ ಮೇಲೆ ಬರುವ ಆರೋಪವನ್ನೇ ಹೊತ್ತುಕೊಂಡು ಬೆಳೆಯಿತು. ಕ್ರಿಸ್ತಶಕ 112ರ ಸುಮಾರಿಗೆ, ಇಂದಿನ ತುರ್ಕಿಯ ಉತ್ತರ ಭಾಗದಲ್ಲಿದ್ದ ಬಿಥೀನಿಯಾ ಪ್ರಾಂತ್ಯದ ರಾಜ್ಯಪಾಲ ಪ್ಲೀನಿ ರೋಮಿನ ಚಕ್ರವರ್ತಿ ಟ್ರೇಜನ್‌ನಿಗೆ ಒಂದು ಪತ್ರ ಬರೆದ. ಈ ಜನರನ್ನು ಏನು ಮಾಡಬೇಕೆಂಬುದೇ ಅವನ ಪ್ರಶ್ನೆ. ವಿಚಾರಣೆಯಲ್ಲಿ ಸಿಕ್ಕದ್ದು ಇಷ್ಟು: ಬೆಳಗಾಗುವ ಮುನ್ನ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆಯಿಡುತ್ತಾರೆ, ಸಾಧಾರಣ ಊಟ ಮಾಡಿ ಹೋಗುತ್ತಾರೆ. ಇನ್ನೂ ಏನೋ ಇರಬೇಕೆಂದು ಸಭೆಯ ಸೇವೆಯಲ್ಲಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಅತಿರೇಕದ ಮೂಢನಂಬಿಕೆಯೊಂದನ್ನು ಬಿಟ್ಟು ಬೇರೇನೂ ಸಿಗಲಿಲ್ಲವೆಂದು ಅವನೇ ಬರೆದ. ಪೇಟೆಯಲ್ಲಿ ಹರಡಿದ್ದ ಸುದ್ದಿಯೇ ಬೇರೆ. ಕ್ರೈಸ್ತರು ಕೂಸುಗಳನ್ನು ಕೊಂದು ತಿನ್ನುತ್ತಾರೆ, ಅಣ್ಣತಂಗಿಯರೇ ಕೂಡುತ್ತಾರೆ ಎಂದು ಜನ ನಂಬಿದ್ದರು. ಪ್ರಭುಭೋಜನದಲ್ಲಿ ಕ್ರಿಸ್ತನ ದೇಹ, ರಕ್ತ ಎಂದು ಹೇಳುವುದನ್ನೂ ಒಬ್ಬರನ್ನೊಬ್ಬರು ಸಹೋದರ, ಸಹೋದರಿ ಎಂದು ಕರೆಯುವುದನ್ನೂ ಹೊರಗಿನಿಂದ ಕೇಳಿಸಿಕೊಂಡವರು ಕಟ್ಟಿದ ಕಥೆ ಅದು. ಕ್ರಿಸ್ತಶಕ 64ರ ರೋಮಿನ ಬೆಂಕಿಗೆ ನೀರೋ ಇವರ ಮೇಲೆ ಹೊಣೆ ಹೊರಿಸಿದ್ದನ್ನು ದಾಖಲಿಸಿದ ಇತಿಹಾಸಕಾರ ಟ್ಯಾಸಿಟಸ್‌ನಿಗೂ ಇವರ ಮೇಲೆ ಅಸಹ್ಯವೇ ಇತ್ತು.

ಟ್ರೇಜನ್ ಕೊಟ್ಟ ಉತ್ತರ ಪೂರ್ತಿ ನ್ಯಾಯವಾದದ್ದಲ್ಲ. ತಪ್ಪೊಪ್ಪಿಕೊಂಡು ಹಟ ಹಿಡಿದವರನ್ನು ಶಿಕ್ಷಿಸಬೇಕೆಂದೇ ಅವನು ಹೇಳಿದ. ಆದರೆ ಇವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರುಪತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದೂ ಸೇರಿಸಿದ. ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿಗೆ ತೋಚಿದ ಈ ಎಚ್ಚರ ಇಂದಿನ ಎಷ್ಟೋ ಕಡೆ ಕಾಣುವುದಿಲ್ಲ ಎಂಬುದು ನನ್ನನ್ನು ಬಾಧಿಸುತ್ತದೆ. ಮುಂದೆ 313ರಲ್ಲಿ ಕ್ರೈಸ್ತರಿಗೆ ಬಹಿರಂಗ ಮಾನ್ಯತೆ ಸಿಕ್ಕಿತು. 380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಅದನ್ನೇ ಸಾಮ್ರಾಜ್ಯದ ಧರ್ಮವನ್ನಾಗಿ ಮಾಡಿದ. ಆಮೇಲೆ ಭಿನ್ನಮತದವರನ್ನು ಅಟ್ಟಾಡಿಸುವ ಕೆಲಸಕ್ಕೆ ಚರ್ಚೇ ಇಳಿಯಿತು. ನಿನ್ನೆ ಕಲ್ಟ್ ಎಂದು ಬೈಸಿಕೊಂಡವರು ಅಧಿಕಾರ ಬಂದೊಡನೆ ಇನ್ನೊಬ್ಬರನ್ನು ಹಾಗೆ ಬೈದರು. ಇದನ್ನು ಕ್ರೈಸ್ತರು ಮರೆಯಬಾರದು.

ಸಮಾಜಶಾಸ್ತ್ರಜ್ಞರು ಇದರ ಬಗ್ಗೆ ಬಹಳ ಬರೆದಿದ್ದಾರೆ. ಎರ್ನ್ಸ್ಟ್ ಟ್ರೋಲ್ಚ್ 1912ರಲ್ಲಿ ಸಮಾಜದೊಂದಿಗೆ ಹೊಂದಿಕೊಂಡ ಚರ್ಚಿಗೂ ಸಮಾಜಕ್ಕೆ ಎದುರು ನಿಲ್ಲುವ ಸಣ್ಣ ಪಂಥಕ್ಕೂ ಗೆರೆ ಎಳೆದ. ಅಮೆರಿಕದ ರಾಡ್ನಿ ಸ್ಟಾರ್ಕ್ 1996ರ ತನ್ನ ಪುಸ್ತಕದಲ್ಲಿ, ರೋಮಿನ ಕಣ್ಣಲ್ಲಿ ಆದಿ ಕ್ರೈಸ್ತರು ಒಂದು ಕಲ್ಟ್ ಚಳವಳಿಯೇ ಆಗಿದ್ದರೆಂದು ಯಾವ ನಿಂದೆಯೂ ಇಲ್ಲದೆ ಹೇಳಿದ. ಅವರು ಬೆಳೆದದ್ದು ನೆಂಟಸ್ತಿಕೆ, ಗೆಳೆತನದ ಎಳೆಗಳ ಮೂಲಕ ಎಂದು ವಾದಿಸಿದ. ಬ್ರಿಟನ್ನಿನ ಐಲೀನ್ ಬಾರ್ಕರ್ 1984ರಲ್ಲಿ ಯೂನಿಫಿಕೇಶನ್ ಚರ್ಚೆಂಬ ಹೊಸ ಪಂಥದ ಬಗ್ಗೆ ಬರೆದ ಅಧ್ಯಯನ ನನಗೆ ಇವೆಲ್ಲಕ್ಕಿಂತ ಉಪಯುಕ್ತವೆನಿಸುತ್ತದೆ. ಆ ಪಂಥದ ಶಿಬಿರಕ್ಕೆ ಬಂದವರಲ್ಲಿ ಬಹುಪಾಲು ಜನ ಸೇರಲೇ ಇಲ್ಲ, ಸೇರಿದವರಲ್ಲೂ ಅನೇಕರು ಕೆಲ ಕಾಲದಲ್ಲಿ ತಾವಾಗಿಯೇ ಬಿಟ್ಟುಬಂದರು ಎಂದು ಅವರು ತೋರಿಸಿದರು. ಮಂಕುಬೂದಿ ಎರಚಿ ಜನರನ್ನು ಒಳಗೆ ಹಾಕಿಕೊಳ್ಳುತ್ತಾರೆ ಎಂಬ ಸಾಮಾನ್ಯ ನಂಬಿಕೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು.

ಹಾಗೆಂದು ಅಪಾಯ ಕಲ್ಪನೆಯದೇನೂ ಅಲ್ಲ. 1978ರ ನವೆಂಬರ್ 18ರಂದು ದಕ್ಷಿಣ ಅಮೆರಿಕದ ಗಯಾನಾದ ಕಾಡಿನ ನಡುವಿನ ಜೋನ್ಸ್‌ಟೌನಿನಲ್ಲಿ ಜಿಮ್ ಜೋನ್ಸ್‌ನ ಮಾತಿನ ಮೇರೆಗೆ 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಬಹಳ ಇದ್ದರು. ಜೋನ್ಸ್ ಅಮೆರಿಕದ ಮಾನ್ಯತೆ ಪಡೆದ ಪ್ರೊಟೆಸ್ಟಂಟ್ ಚರ್ಚೊಂದರಲ್ಲಿ ದೀಕ್ಷೆ ಪಡೆದ ಪಾದ್ರಿ. 2023ರಲ್ಲಿ ಕೆನ್ಯಾದ ಶಕಹೋಲಾ ಕಾಡಿನಲ್ಲಿ ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣುತ್ತೀರೆಂಬ ಬೋಧನೆಗೆ ಬಲಿಯಾದ 400ಕ್ಕೂ ಹೆಚ್ಚು ಜನರ ಶವಗಳನ್ನು ಅಗೆದು ತೆಗೆಯಬೇಕಾಯಿತು. ಜೋನ್ಸ್‌ಟೌನಿನಲ್ಲಿ ಸುತ್ತ ಬಂದೂಕಿನ ಕಾವಲಿತ್ತು, ಹೊರಗೆ ಹೋಗಲು ದಾರಿಯಿರಲಿಲ್ಲ. ಹೊರಡಲು ಮುಂದಾದವರ ಮೇಲೆ, ಅವರನ್ನು ಕರೆದೊಯ್ಯಲು ಬಂದ ಅಮೆರಿಕದ ಸಂಸದನ ಮೇಲೆ ಗುಂಡು ಹಾರಿತು. ಬೈಬಲ್ಲಿನಲ್ಲಿ ಇಲ್ಲದ ಯಾವುದೋ ವಿಚಿತ್ರ ತತ್ತ್ವವನ್ನು ಹುಡುಕಿ ಇದನ್ನು ವಿವರಿಸಲಾಗದು. 1995ರಲ್ಲಿ ಟೋಕಿಯೋದ ಮೆಟ್ರೋ ರೈಲುಗಳಲ್ಲಿ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೋ ಬೌದ್ಧ, ಯೋಗದ ಮಾತುಗಳನ್ನು ಬಳಸುತ್ತಿತ್ತು. ಹಾಗೆಂದು ಬೌದ್ಧಧರ್ಮವನ್ನು ಯಾರೂ ಕಟಕಟೆಗೆ ಎಳೆಯಲಿಲ್ಲ.

ಈಗ ನಮ್ಮ ಸೀಮೆಗೇ ಮರಳಿ, ಗುಬ್ಬಿಯ ಕಡೆಗೆ ಬರೋಣ. 1800ರಲ್ಲಿ ಈ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ ಗುಬ್ಬಿಯ ಸಂತೆಯ ಬಗ್ಗೆ, ಅಲ್ಲಿನ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಅಡಿಕೆ ವರ್ತಕರ ಈ ಊರನ್ನು ವೆಸ್ಲಿಯನ್, ಅಂದರೆ ಮೆಥಡಿಸ್ಟ್, ಮಿಷನ್ನಿನವರು 1830ರ ದಶಕದ ಕೊನೆಗೆ ತಮ್ಮ ಠಾಣ್ಯ ಮಾಡಿಕೊಂಡರು. ಥಾಮಸ್ ಹಾಡ್ಸನ್ ಮೊದಲು ಬಂದವರು. 1839ರಲ್ಲಿ ಇಪ್ಪತ್ತರ ಹರೆಯದ ಐರಿಷ್ ಯುವಕ ವಿಲಿಯಂ ಆರ್ಥರ್ ಬಂದು ಸೇರಿಕೊಂಡ. ಕನ್ನಡ ಕಲಿತು ಸಂತೆಬೀದಿಯಲ್ಲಿ ನಿಂತು ಬೋಧಿಸಿದ. ಕಣ್ಣಿನ ಶಕ್ತಿ ಕುಂದಿದ್ದರಿಂದ 1841ರಲ್ಲಿ ಊರಿಗೆ ಮರಳಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ತನ್ನ ಮಿಷನ್ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಇಲ್ಲಿನ ಜನಜೀವನವನ್ನು ಕಣ್ಣಿಟ್ಟು ನೋಡಿದ ಬರಹ ಅದು, ಜೊತೆಗೆ ಇಲ್ಲಿನ ದೇವರುಗಳ ಬಗ್ಗೆ ಅಂದಿನ ಮಿಷನರಿಗಳಿಗಿದ್ದ ಕಠಿಣ ತಾತ್ಸಾರವೂ ಅದರಲ್ಲಿ ತುಂಬಿದೆ. ಆ ತಾತ್ಸಾರ ಮುಂದಿನ ತಲೆಮಾರುಗಳ ಮೇಲೆ ಗಾಯ ಮಾಡಿದೆ. ಅದನ್ನು ಮುಚ್ಚಿಡುವುದರಲ್ಲಿ ಯಾರಿಗೂ ಒಳಿತಿಲ್ಲ.

ಗುಬ್ಬಿಯ ಜನಕ್ಕೆ ಪಾದ್ರಿ ಹೇಗೆ ಕಂಡಿರಬೇಕು? ಪರಂಗಿಗಳ ಮತ, ಜಾತಿ ಕೆಟ್ಟವರ ಮತ. ಸೇರಿದವನು ಹೆಂಡತಿ ಮಕ್ಕಳನ್ನು, ಪಾಲು ಪಿತ್ರಾರ್ಜಿತವನ್ನು, ಬಾವಿಯ ನೀರನ್ನು ಬಿಟ್ಟುಬರಬೇಕಾಗಿತ್ತು. ಈಗ ನಾವು ಕಲ್ಟಿನ ಮೊದಲ ಲಕ್ಷಣವಾಗಿ ಹೇಳುವುದೂ ಇದನ್ನೇ: ಸೇರಿದವರು ಬಂಧುಗಳಿಂದ ಕಡಿದುಹೋಗುತ್ತಾರೆ. ಆದರೆ ಕಡಿದವರು ಯಾರು? ಮತ ಬದಲಿಸಿದವನ ಸಂಗಡ ಉಣ್ಣಬಾರದು, ಅವನಿಗೆ ನೀರು ಕೊಡಬಾರದು ಎಂದು ತೀರ್ಮಾನಿಸಿದ್ದು ಕುಲದ ಪಂಚಾಯ್ತಿ. ಜಾತಿ ಬಿಟ್ಟವನ ಆಸ್ತಿಹಕ್ಕು ಉಳಿಸಲು ಕಂಪನಿ ಸರ್ಕಾರವೇ 1850ರಲ್ಲಿ ಒಂದು ಕಾನೂನು ತರಬೇಕಾಯಿತು ಎಂದರೆ ಆ ಬಹಿಷ್ಕಾರದ ಬಿಸಿ ಎಷ್ಟಿತ್ತೆಂದು ಊಹಿಸಬಹುದು. ಹೀಗೆ ಹೊರಗಾದವರು ಮಿಷನ್ ಕಾಂಪೌಂಡಿನೊಳಗೆ ಬಂದು ನೆಲೆಸಿದರು. ಅಲ್ಲಿ ಮನೆ ಮಿಷನ್ನಿನದು, ಕೆಲಸ ಮಿಷನ್ನಿನದು, ಶಾಲೆ ಮಿಷನ್ನಿನದು, ಮದುವೆ ಗೊತ್ತುಮಾಡುವವನೂ ಪಾದ್ರಿ. ಒಂದೇ ಕೈ ಅನ್ನವನ್ನೂ ಪರಲೋಕವನ್ನೂ ಹಂಚುವಾಗ ಆ ಕೈಯನ್ನು ಪ್ರಶ್ನಿಸುವುದು ಸುಲಭವಲ್ಲ. ಕಾಂಪೌಂಡಿನ ಬದುಕಿನಲ್ಲಿ ಮುಚ್ಚಿದ ಗುಂಪಿನ ಒಂದಂಶ ಇತ್ತೆಂಬುದನ್ನು ನಾನು ಒಪ್ಪುತ್ತೇನೆ. ಅದನ್ನು ಕಟ್ಟುವುದರಲ್ಲಿ ಹೊರಗಿನ ಸಮಾಜದ ಪಾಲು ಪಾದ್ರಿಯದಕ್ಕಿಂತ ಕಡಿಮೆಯಿರಲಿಲ್ಲ.

1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ ಬಂದಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು 1881ರ ಗಣತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ತಂದೆತಾಯಿ ಸತ್ತ ಮಕ್ಕಳನ್ನು ಮಿಷನ್‌ಗಳು ಸಾಕಿದವು. ಅವರು ಕ್ರೈಸ್ತರಾಗಿ ಬೆಳೆದರು. ಇದನ್ನು ಆಮಿಷವೆನ್ನುವುದೇ, ಪ್ರಾಣ ಉಳಿಸಿದ್ದು ಎನ್ನುವುದೇ? ಹಸಿದ ಕೂಸಿಗೆ ಗಂಜಿ ಕೊಟ್ಟವರ ಧರ್ಮ ಆ ಕೂಸಿಗೆ ಅಂಟಿತು. ಬೇರೆ ಯಾರಾದರೂ ಕೊಟ್ಟಿದ್ದರೆ ಅವರ ಧರ್ಮ ಅಂಟುತ್ತಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಉಪಾಧ್ಯಾಯರಾಗಿ, ದಾದಿಯರಾಗಿ, ಬಡಗಿಗಳಾಗಿ ತಮ್ಮ ಕಾಲಮೇಲೆ ನಿಲ್ಲುವ ದಾರಿ ಇತ್ತು. ಆ ದಾರಿ ಇದ್ದದ್ದರಿಂದಲೇ ಅವರ ವಂಶದವರು ಇಂದು ಮೈಸೂರು, ತುಮಕೂರು, ಬೆಂಗಳೂರುಗಳಲ್ಲಿ ಯಾರ ಹಂಗೂ ಇಲ್ಲದೆ ಬದುಕಿದ್ದಾರೆ.

ಮಿಷನ್ನು ಮುಚ್ಚಿದ ಕೋಟೆಯಾಗಿ ಉಳಿಯದಿದ್ದುದಕ್ಕೆ ಕನ್ನಡವೂ ಒಂದು ಕಾರಣ. 1843ರ ಮಂಗಳೂರ ಸಮಾಚಾರ, 1887ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ನರು ಶುರುಮಾಡಿದ ವೃತ್ತಾಂತ ಪತ್ರಿಕೆ, 1894ರ ಕಿಟೆಲ್ ನಿಘಂಟು ಇವೆಲ್ಲ ಕ್ರೈಸ್ತರಲ್ಲದ ಓದುಗರ ಕೈಗೇ ಹೆಚ್ಚು ಹೋದವು. ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಕೊಟ್ಟ ಬಿ.ಎಲ್. ರೈಸ್ ಬೆಂಗಳೂರಿನಲ್ಲಿ ಹುಟ್ಟಿದ ಮಿಷನರಿಯ ಮಗ. 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟ್, ಆಂಗ್ಲಿಕನ್ ಮತ್ತಿತರ ಸಭೆಗಳು ಸೇರಿ ದಕ್ಷಿಣ ಭಾರತ ಸಭೆಯಾದಾಗ, ಅಂದರೆ ಸಿಎಸ್‌ಐ ಹುಟ್ಟಿದಾಗ, ಚುನಾಯಿತ ಸಮಿತಿಗಳು, ಲೆಕ್ಕಪತ್ರ, ವರ್ಗಾವಣೆಯಾಗುವ ಪಾದ್ರಿಗಳು ಎಲ್ಲವೂ ವ್ಯವಸ್ಥೆಯ ಭಾಗವಾದವು. ಈ ಸಮಿತಿಗಳಲ್ಲಿ ಜಗಳಗಳಿವೆ, ಕೋರ್ಟು ಕಚೇರಿಗಳಿವೆ. ಜಗಳವಾಡಲು, ಬಿಷಪ್ಪರನ್ನೇ ಕೋರ್ಟಿಗೆ ಎಳೆಯಲು ಸದಸ್ಯರಿಗೆ ಸಾಧ್ಯವಿರುವ ಸಂಸ್ಥೆಯನ್ನು ಕಲ್ಟ್ ಎಂದು ಕರೆಯಲು ಆಧಾರವೇ ಇಲ್ಲ.

ಇಂದಿನ ವಾದ ಹುಟ್ಟುವುದು ಈ ಹಳೆಯ ಚರ್ಚುಗಳ ಸುತ್ತ ಅಲ್ಲ, ಹಳ್ಳಿ ಮತ್ತು ಬಡಾವಣೆಗಳ ಸ್ವತಂತ್ರ ಪ್ರಾರ್ಥನಾ ಮನೆಗಳ ಸುತ್ತ. ಅಲ್ಲಿ ಒಬ್ಬ ಪಾಸ್ಟರ್, ಅವರ ಹೆಂಡತಿ, ಒಂದು ಕೀಬೋರ್ಡು, ಒಂದು ಮೈಕು, ನೆಲಕ್ಕೆ ಚಾಪೆ. ಬರುವವರಲ್ಲಿ ಹೆಂಗಸರೇ ಹೆಚ್ಚು. ಅವರನ್ನು ಕೂತು ಮಾತಾಡಿಸಿದರೆ ಆಮಿಷದ ಕಥೆಗಿಂತ ಬೇರೆ ಕಥೆ ಕೇಳುತ್ತದೆ. ಗಂಡನ ಕುಡಿತ, ವಾಸಿಯಾಗದ ಹೊಟ್ಟೆನೋವು, ಮಗಳಿಗೆ ಕೂಡಿಬರದ ಮದುವೆ, ಆಸ್ಪತ್ರೆ ಸಾಲ. ಊರಿನಲ್ಲಿ ಜಾತಿಯ ಹೆಸರು ಹಿಡಿದು ಕರೆಸಿಕೊಂಡವರಿಗೆ ಅಲ್ಲಿ ‘ಅಕ್ಕ, ಬನ್ನಿ’ ಎನ್ನುವ ಮಾತು ಸಿಗುತ್ತದೆ. ಮೈಕು ಹಿಡಿದು ತನ್ನ ಕಷ್ಟವನ್ನು ಸಾಕ್ಷಿಯಾಗಿ ಹೇಳಿಕೊಂಡರೆ ನಲವತ್ತು ಜನ ಕೇಳಿಸಿಕೊಂಡು ಅವಳಿಗಾಗಿ ಪ್ರಾರ್ಥಿಸುತ್ತಾರೆ. ಇದನ್ನು ಜಾಲವೆಂದು ತಳ್ಳಿಹಾಕುವವರು, ಅದೇ ಹೆಣ್ಣುಮಗಳು ಅದೇ ಕಷ್ಟವನ್ನು ಹಿಡಿದು ನಮ್ಮ ಓಣಿಯ ಯಾವ ಜಗಲಿಯ ಮೇಲೆ ಕೂರಬಹುದಿತ್ತು ಎಂದು ಹೇಳಬೇಕು.

ಅಪಾಯ ಬೆಳೆಯುವುದೂ ಇಂಥ ಕಡೆಯಲ್ಲೇ. ಪಾಸ್ಟರಿಗೆ ಮೇಲೆ ಯಾರೂ ಇಲ್ಲ, ಸಮಿತಿಯಿಲ್ಲ, ದಶಮಾಂಶದ ಕಾಣಿಕೆಗೆ ಲೆಕ್ಕ ಕೇಳುವವರಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರೆ ನಂಬಿಕೆ ಗಟ್ಟಿ ಎಂದು ಯಾರಾದರೂ ಬೋಧಿಸಿದರೆ ಅದು ಪ್ರಾಣಕ್ಕೆ ಎರವು. ಹಬ್ಬಕ್ಕೆ ತವರಿಗೆ ಹೋಗಬೇಡ, ಅಲ್ಲಿ ಸೈತಾನನ ಎಡೆ ಇಟ್ಟಿರುತ್ತಾರೆ ಎಂದರೆ ಅದು ಸಂಬಂಧ ಕಡಿಯುವ ಮಾತು. ಸಭೆ ಬಿಟ್ಟರೆ ನಿನ್ನ ಮಗುವಿಗೆ ಕೇಡು ತಪ್ಪಿದ್ದಲ್ಲ ಎಂದರೆ ಅದು ಬೆದರಿಕೆ. ಎಲ್ಲ ಪ್ರಾರ್ಥನಾ ಮನೆಗಳೂ ಹೀಗಿಲ್ಲ. ಬಹಳಷ್ಟು ಪಾಸ್ಟರುಗಳು ಪ್ರಾರ್ಥಿಸಿ, ಆಟೋ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕರೆದೊಯ್ಯುವವರು. ಆದರೆ ಹೀಗಿರುವ ಕಡೆಗಳ ಬಗ್ಗೆ ಮೊದಲು ದನಿಯೆತ್ತಬೇಕಾದವರು ಕ್ರೈಸ್ತ ಹಿರಿಯರೇ. ಹೊರಗಿನ ದಾಳಿಗೆ ಹೆದರಿ ಒಳಗಿನದನ್ನು ಮುಚ್ಚಿಕೊಳ್ಳುವ ಅಭ್ಯಾಸ ಬಲಿತರೆ ನಷ್ಟ ಆ ಚಾಪೆಯ ಮೇಲೆ ಕೂತ ಬಡ ಹೆಣ್ಣುಮಗಳಿಗೆ.

ವ್ಯಕ್ತಿಯ ಮೇಲಿನ ಭಕ್ತಿಯೇ ಕಲ್ಟಿನ ಗುರುತು ಎನ್ನುವವರು ಸಿದ್ಧಗಂಗೆಯನ್ನು ನೋಡಬೇಕು. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳನ್ನು ಲಕ್ಷಾಂತರ ಜನ ‘ನಡೆದಾಡುವ ದೇವರು’ ಎಂದು ಕರೆದರು. ಅವರ ಫೋಟೋ ಇಲ್ಲದ ಅಂಗಡಿ ನಮ್ಮ ಜಿಲ್ಲೆಯಲ್ಲಿ ಕಡಿಮೆ. ಆದರೂ ಸಿದ್ಧಗಂಗೆ ಕಲ್ಟ್ ಅಲ್ಲವೆಂದು ಯಾರೂ ವಾದಿಸಬೇಕಾಗಿಲ್ಲ. ಸುಮಾರು ಹತ್ತು ಸಾವಿರ ಮಕ್ಕಳು ಜಾತಿ, ಧರ್ಮದ ಕಟ್ಟಿಲ್ಲದೆ ಅಲ್ಲಿ ಉಂಡು, ಓದಿ, ಪರೀಕ್ಷೆ ಪಾಸಾಗಿ ಹೊರಡುತ್ತಾರೆ. ಹೋದವರು ಏನು ನಂಬಬೇಕು, ಯಾರನ್ನು ಪೂಜಿಸಬೇಕು ಎಂದು ಮಠ ಬೆನ್ನು ಹತ್ತುವುದಿಲ್ಲ. ಮಠದ ಅನ್ನ ಉಂಡವನು ನಾಳೆ ನಾಸ್ತಿಕನಾದರೂ ದಾಸೋಹದ ಸಾಲಿನಲ್ಲಿ ಅವನಿಗೆ ಎಲೆ ಹಾಕುತ್ತಾರೆ. ಇದೇ ಅಳತೆಯನ್ನು ಮಿಷನ್ ಶಾಲೆಗೂ, ಪ್ರಾರ್ಥನಾ ಮನೆಗೂ, ಬೆಂಗಳೂರಿನ ಸುತ್ತಲಿನ ಹೊಸ ಆಶ್ರಮಗಳಿಗೂ ಹಿಡಿಯಬೇಕು.

ನಮ್ಮ ಕಾನೂನಿನಲ್ಲಿ ಕಲ್ಟ್ ಎಂಬ ವರ್ಗವೇ ಇಲ್ಲ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಧರ್ಮವೆಂದರೆ ಬರೀ ನಂಬಿಕೆಯಲ್ಲ, ಆಚರಣೆಯೂ ಹೌದು, ದೇವರನ್ನು ಒಪ್ಪದ ಧರ್ಮಗಳೂ ಇವೆ ಎಂದಿತು. 1982ರಲ್ಲಿ ಅರವಿಂದರ ಬೋಧನೆ ಧರ್ಮವಲ್ಲ, ದರ್ಶನ ಎಂದಿತು. ಮರುವರ್ಷ ಆನಂದಮಾರ್ಗವನ್ನು ಹಿಂದೂಧರ್ಮದೊಳಗಿನ ಪಂಗಡವೆಂದಿತು. 2018ರ ಮಾರ್ಚಿನಲ್ಲಿ ನಾಗಮೋಹನ ದಾಸ್ ಸಮಿತಿಯ ವರದಿಯನ್ನು ಒಪ್ಪಿ ನಮ್ಮ ಸಚಿವ ಸಂಪುಟ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಶಿಫಾರಸು ಮಾಡಿದಾಗ ಎದ್ದ ಗದ್ದಲ ನೆನಪಿರಬಹುದು. ಇಂಥ ಗೆರೆ ಎಳೆಯುವುದು ಕೋರ್ಟಿಗೂ ಸರ್ಕಾರಕ್ಕೂ ಎಷ್ಟು ಕಷ್ಟವೆಂದು ಇವೆಲ್ಲ ತೋರಿಸುತ್ತವೆ. 1986ರ ಒಂದು ತೀರ್ಪಂತೂ ನನಗೆ ಬಹಳ ಹೆಮ್ಮೆಯ ವಿಷಯ. ಯೆಹೋವನ ಸಾಕ್ಷಿಗಳು ಎಂಬ ಪಂಥವನ್ನು ಇತರ ಕ್ರೈಸ್ತರೇ ಅನೇಕರು ಕಲ್ಟ್ ಎನ್ನುತ್ತಾರೆ. ಕೇರಳದಲ್ಲಿ ಆ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತರೂ ದನಿಗೂಡಿಸಲಿಲ್ಲವೆಂದು ಶಾಲೆಯಿಂದ ಹೊರಹಾಕಿದ್ದರು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಆ ಮಕ್ಕಳ ಪರ ನಿಂತಿತು. ಅದೇ ಪಂಥವನ್ನು ರಷ್ಯಾ 2017ರಲ್ಲಿ ನಿಷೇಧಿಸಿತು.

ಮತಾಂತರದ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟಿನ 1977ರ ಸ್ಟ್ಯಾನಿಸ್ಲಾಸ್ ತೀರ್ಪು, ಧರ್ಮಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಇದಕ್ಕಿಂತ ಬಹಳ ಮುಂದೆ ಹೋಯಿತು. ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಬದುಕಿನ ಭರವಸೆ ಇವೂ ಅದರ ಪ್ರಕಾರ ಆಮಿಷ. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಆಮೇಲೆ ಇನ್ನೊಂದು ಘೋಷಣೆ ಕೊಡಬೇಕು. ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ಹಿಂದಿದ್ದ ಧರ್ಮಕ್ಕೆ ಮರಳುವುದು ಮಾತ್ರ ಮತಾಂತರವೆನಿಸುವುದಿಲ್ಲ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದುಮಾಡಲು ತೀರ್ಮಾನಿಸಿತು. ಈ ಕಾಯ್ದೆಯ ಬಗ್ಗೆ ನನ್ನ ದೊಡ್ಡ ತಕರಾರು ಇದು: ವಯಸ್ಕ ಹೆಂಗಸೊಬ್ಬಳು ತಾನಾಗಿ ಪ್ರಾರ್ಥನೆಗೆ ಹೋದರೆ ಅವಳನ್ನು ಅನುಮಾನಿಸಲು ಇದರಲ್ಲಿ ಹತ್ತು ದಾರಿಗಳಿವೆ. ಅದೇ ಹೆಂಗಸಿಗೆ ಅಲ್ಲಿ ಮಾತ್ರೆ ಬಿಡಿಸಿದರೆ, ಅವಳ ಒಡವೆ ಬರೆಸಿಕೊಂಡರೆ, ಬಿಟ್ಟುಬಂದಾಗ ಬೆದರಿಸಿದರೆ ಈ ಕಾಯ್ದೆಯಿಂದ ಅವಳಿಗೆ ಉಪಯೋಗವಿಲ್ಲ.

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಆದದ್ದು, ಒಂದು ಗುಂಪಿಗೆ ಹಚ್ಚಿದ ಹಣೆಪಟ್ಟಿ ಹೇಗೆ ಇಡೀ ಸಮುದಾಯದ ಮೇಲೆ ಬೀಳುತ್ತದೆಂಬುದಕ್ಕೆ ಸಾಕ್ಷಿ. ಹಿಂದೂ ದೇವತೆಗಳನ್ನು ಹೀನಾಯವಾಗಿ ಬರೆದ ಪುಸ್ತಕ ಹಂಚಿದ ಆರೋಪವಿದ್ದದ್ದು ನ್ಯೂ ಲೈಫ್ ಎಂಬ ಸ್ವತಂತ್ರ ಸಭೆಯ ಮೇಲೆ. ದಾಳಿಗೆ ತುತ್ತಾದವುಗಳಲ್ಲಿ ಮಿಲಾಗ್ರಿಸ್ ಚರ್ಚಿನ ಬಳಿಯ ಕೆಥೊಲಿಕ್ ಸನ್ಯಾಸಿನಿಯರ ಆರಾಧನಾ ಮಠವೂ ಇತ್ತು. ಹೊರಗೆ ಬಾರದೆ ಪ್ರಾರ್ಥನೆಯಲ್ಲೇ ಬದುಕುವ ಆ ಸನ್ಯಾಸಿನಿಯರಿಗೂ ಆ ಪುಸ್ತಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು. ಆ ದಿನಗಳ ಭಯ ಕರಾವಳಿಯ ಎಷ್ಟೋ ಕ್ರೈಸ್ತ ಮನೆಗಳಿಂದ ಇನ್ನೂ ಹೋಗಿಲ್ಲ.

ಬೇರೆ ದೇಶಗಳು ನಮ್ಮ ಮತಾಂತರ ಕಾಯ್ದೆಗಿಂತ ಜಾಣತನದ ದಾರಿ ಹುಡುಕಿವೆ. ಫ್ರಾನ್ಸ್ 2001ರಲ್ಲಿ ತಂದ ಕಾನೂನು, ವ್ಯಕ್ತಿಯ ಅಸಹಾಯಕ ಸ್ಥಿತಿಯನ್ನು ದುರುಪಯೋಗಪಡಿಸಿಕೊಳ್ಳುವುದನ್ನು ಅಪರಾಧವೆಂದಿತು. ಅಲ್ಲೂ ತಪ್ಪಾಗಿ ಬಳಸುವ ಭಯವಿದೆ ನಿಜ. 2025ರ ಮಾರ್ಚಿನಲ್ಲಿ ಟೋಕಿಯೋದ ನ್ಯಾಯಾಲಯ ಯೂನಿಫಿಕೇಶನ್ ಚರ್ಚನ್ನು ವಿಸರ್ಜಿಸಲು ಆದೇಶಿಸಿದ್ದು ಅದರ ದೇವರಿಗಾಗಿ ಅಲ್ಲ, ಭಕ್ತರಿಂದ ಬಲವಂತದ ದೇಣಿಗೆ ಹಿಂಡಿ ಮನೆಗಳನ್ನು ಹಾಳುಮಾಡಿದ್ದಕ್ಕಾಗಿ. ಆದರೆ ಅಷ್ಟು ದೂರ ಹೋಗಬೇಕಾದ್ದೇ ಇಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕರ್ನಾಟಕವೇ 2017ರಲ್ಲಿ ಮಾಡಿದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಲ್ಲಿ ಅಪರಾಧ. ಮಂತ್ರ ಹಾಕಿದವನು ಯಾವ ಧರ್ಮದವನೆಂದು ಆ ಕಾಯ್ದೆ ಕೇಳುವುದಿಲ್ಲ. ಹಾವಿನ ಕಡಿತಕ್ಕೆ ಅನ್ವಯವಾಗುವುದನ್ನು ಸಕ್ಕರೆ ಕಾಯಿಲೆಗೂ ಕ್ಯಾನ್ಸರಿಗೂ ವಿಸ್ತರಿಸಲು, ಬಿಟ್ಟುಬಂದವರನ್ನು ಬೆದರಿಸುವುದನ್ನೂ ದೇಣಿಗೆಯ ಹೆಸರಿನಲ್ಲಿ ಆಸ್ತಿ ಬರೆಸಿಕೊಳ್ಳುವುದನ್ನೂ ಅದಕ್ಕೆ ಸೇರಿಸಲು ಒಂದು ತಿದ್ದುಪಡಿ ಸಾಕು. ಹಾಗೆ ತಿದ್ದಿದರೆ ಅದು ಬಿಡದಿಯ ಆಶ್ರಮಕ್ಕೂ, ಶಿರಾದ ಬಾಬಾನಿಗೂ, ಗುಬ್ಬಿಯ ಪ್ರಾರ್ಥನಾ ಮನೆಗೂ ಒಂದೇ ರೀತಿ ಅನ್ವಯವಾಗುತ್ತದೆ. 2022ರ ಕಾಯ್ದೆಯನ್ನು ತೆಗೆಯುವಾಗ ಸರ್ಕಾರ ಈ ತಿದ್ದುಪಡಿಯನ್ನೂ ಸದನದ ಮುಂದೆ ತರಬೇಕು. ಸ್ವತಂತ್ರ ಸಭೆಗಳ ಒಕ್ಕೂಟಗಳು ಅಲ್ಲಿಯವರೆಗೆ ಕಾಯದೆ, ವರ್ಷಕ್ಕೊಮ್ಮೆ ಕಾಣಿಕೆಯ ಲೆಕ್ಕವನ್ನು ಸಭೆಯ ಗೋಡೆಗೆ ಅಂಟಿಸುವ, ಪಾಸ್ಟರನ್ನು ಪ್ರಶ್ನಿಸಬಲ್ಲ ಸದಸ್ಯರ ಸಮಿತಿಯೊಂದನ್ನು, ಅದರಲ್ಲಿ ಅರ್ಧದಷ್ಟು ಹೆಂಗಸರನ್ನು ಇಟ್ಟು, ನೇಮಿಸುವ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು.